ಎರಡನೆಯ ಮೊಟ್ಟೆ

ಜನವರಿ 12

ಪ್ರೀತಿಯ ಬಂಡೆ,

‘ಬೆನ್ನೇ ನೀ ಸುಮ್ಮನಿರು, ಕೆಲಸ ಕಾಲಿನದು.’ ಇದು ಮೂರನೆಯ ಸಾಲೋ, ನಾಲ್ಕನೆಯದೋ? ‘ಸುಮ್ಮನಿರು’ ಎಂದಿತ್ತೋ, ‘ನೆಟ್ಟಗಿರು’ ಎಂದೋ? ಕಟ್ಟಿದವಳು ನಾನೇ. ಆದರೂ ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಎಷ್ಟು ತಡಕಾಡಿದರೂ ಐದು ಸಾಲಿನ ಪದ್ಯದಲ್ಲಿ ನಾಲ್ಕೇ ಸಿಕ್ಕವು. ಬೇರೆಯವರ ಕವಿತೆಗಳು ಪುಟಗಟ್ಟಲೆ ಬಾಯಿಗೆ ಬರುತ್ತವೆ. ನನ್ನದೇ ಒಂದು ಸಾಲು ಎಲ್ಲೋ ಬಿದ್ದುಹೋಗಿದೆ.

ಇಷ್ಟು ಓದಿದ ಮೇಲೆ ಯಾರು ಬರೆದದ್ದೆಂದು ನಿನಗೆ ಗೊತ್ತಾಗಿರುತ್ತದೆ. ಪುಸ್ತಕದ ಹುಳ ಎಂದು ಶುರುವಾಗಿ, ಹಾಸ್ಟೆಲಿನ ಮೊದಲ ತಿಂಗಳಲ್ಲೇ ಪುಸ್ತಕ ಉದುರಿ ಬರೀ ಹುಳವಾಗಿ ಉಳಿದವಳು. ನಾನೀಗ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತೇನೆ. ಕಳೆದ ತಿಂಗಳು ಒಂದು ಕ್ರೀಡಾ ಸಂಚಿಕೆಯ ಕರಡು ನನ್ನ ಮೇಜಿಗೆ ಬಂತು. ಅದರಲ್ಲೊಂದು ಫೋಟೋ: ಪದಕ ಹಾಕಿಕೊಂಡ ಹುಡುಗಿಯರು, ಅವರ ಹಿಂದೆ ಕೈಕಟ್ಟಿ ನಿಂತ ತರಬೇತುದಾರಳು. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ, ಅವಳೊಬ್ಬಳು ಹುಡುಗಿಯರ ಮಂಡಿ ನೋಡುತ್ತಿದ್ದಾಳೆ. ಹೆಸರು ಓದುವ ಅಗತ್ಯವೇ ಬೀಳಲಿಲ್ಲ.

ಬರೆಯಲು ಒಂದು ಕಾರಣವಿದೆ. ಎರಡು ತಿಂಗಳ ಹಿಂದೆ ಮಳೆನೀರಿನಲ್ಲಿ ಸುಮ್ಮನೆ ಜಾರಿ ಕೈಯೂರಿದ್ದಕ್ಕೆ ಮಣಿಕಟ್ಟು ಮುರಿಯಿತು. ಇಷ್ಟಕ್ಕೆ ಮುರಿಯಬಾರದಿತ್ತು ಎಂದು ಡಾಕ್ಟರಮ್ಮ ಮೂಳೆಯ ಪರೀಕ್ಷೆ ಮಾಡಿಸಿದರು. ಸವೆದಿದೆಯಂತೆ. ‘ಭಾರ ಎತ್ತಿ, ಪ್ರೋಟೀನ್ ತಿನ್ನಿ’ ಅಂದರು. ಈ ಎರಡು ವಿಷಯ ಒಟ್ಟಿಗೆ ಕೇಳಿದ್ದೇ ತಡ, ನನಗೆ ತಗಡಿನ ಛಾವಣಿಯ ಆ ಹಾಲ್ ಕಣ್ಣಮುಂದೆ ಬಂತು. ಅಂಗೈಗೆ ಹಚ್ಚುವ ಸೀಮೆಸುಣ್ಣದ ಪುಡಿಯ ವಾಸನೆ, ತುಕ್ಕು ಹಿಡಿದ ಭಾರದ ಪ್ಲೇಟುಗಳು, ಹೆಗಲ ಮೇಲೆ ಕಬ್ಬಿಣದ ಬಾರ್ ಹೊತ್ತು ಕೂತು ಏಳುವ ನೀನು, ಹಿಂದೆ ನಿಂತು ಒಂದು ಎರಡರ ಬದಲು ಪದ್ಯದ ಸಾಲುಗಳನ್ನು ಎಣಿಸುವ ನಾನು. ಆಮೇಲೆ ಮೆಸ್ಸಿನ ಉದ್ದದ ಬೆಂಚು. ತಲೆಗೊಂದೇ ಮೊಟ್ಟೆ. ‘ಎತ್ತೋಳಿಗೆ ಎರಡು ಬೇಕೇ ಬೇಕು’ ಎಂದು ಮೇಷ್ಟ್ರು ಹೇಳಿದ್ದರಿಂದ ನನ್ನದು ನಿನ್ನ ತಟ್ಟೆಗೆ ಹೋಗುತ್ತಿತ್ತು. ಎಷ್ಟು ನಿಧಾನವಾಗಿ ತಿನ್ನುತ್ತಿದ್ದೆ ನೀನು! ಹಬೆಯಾಡುವ ಆ ಎರಡನೆಯ ಮೊಟ್ಟೆಯ ರುಚಿಯನ್ನು ಒಂದಿಷ್ಟೂ ಬಿಡದೆ ಸವಿಯುತ್ತಿದ್ದೀಯ ಎಂದು ನನಗೆ ಹೊಟ್ಟೆ ತುಂಬುತ್ತಿತ್ತು.

ನನ್ನ ಪ್ರಶ್ನೆ ಇಷ್ಟೇ: ಭಾರ ಎತ್ತುವವರಿಗೆ ನಿಜವಾಗಿ ಎಷ್ಟು ಪ್ರೋಟೀನ್ ಬೇಕು? ಫೋನ್ ಮಾಡಬಹುದಿತ್ತು. ಆದರೆ ಫೋನ್ ನಮ್ಮಿಬ್ಬರಿಗೂ ಆಗಿಬರಲಿಲ್ಲವಲ್ಲ.

ನಿನ್ನ
ಹುಳ


ಫೆಬ್ರವರಿ 3

ಮಾನ್ಯರೇ,

ತಮ್ಮ ಪತ್ರ ತಲುಪಿತು. ಹೆಚ್ಚು ಓಡಾಟವಿಲ್ಲದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು ಎನ್ನುತ್ತಾರೆ. ಭಾರ ಎತ್ತುವವರಿಗೆ ಅದರ ಎರಡರಷ್ಟು, ಅಂದರೆ 1.6 ಗ್ರಾಂ ಆಸುಪಾಸು. ಕೆಲವರು ಎರಡು ಗ್ರಾಂವರೆಗೂ ಹೋಗುತ್ತಾರೆ, ತಪ್ಪೇನಿಲ್ಲ. ಅಲ್ಲಿಂದ ಮೇಲೆ ಎಷ್ಟು ತಿಂದರೂ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣುವುದಿಲ್ಲ. ಹಾಲು, ಮೊಸರು, ಬೇಳೆ, ಕಾಳು, ಮೀನು, ಮೊಟ್ಟೆ, ಯಾವುದರಿಂದ ಬಂದರೂ ಸರಿ. ಒಂದೇ ಹೊತ್ತಿಗೆ ಸುರಿದುಕೊಳ್ಳದೆ ದಿನಕ್ಕೆ ಹಂಚಿಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ. ಎತ್ತದೆ ಬರೀ ತಿಂದರೆ ಪ್ರಯೋಜನ ಕಡಿಮೆ.

ಇಂತಿ,
ಮುಖ್ಯ ತರಬೇತುದಾರರು,
ಬಾಲಕಿಯರ ವೇಟ್‌ಲಿಫ್ಟಿಂಗ್ ವಿಭಾಗ

ಮರೆತಿದ್ದೆ: ‘ಸುಮ್ಮನಿರು’. ಮೂರನೆಯ ಸಾಲು.


ಫೆಬ್ರವರಿ 21

ಪ್ರೀತಿಯ ಬಂಡೆ,

‘ಮಾನ್ಯರೇ’ ಎಂದು ಕರೆಸಿಕೊಂಡು ಇಡೀ ದಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. ಹಾಸ್ಟೆಲಿನಲ್ಲಿ ನನ್ನ ಬಾಚಣಿಗೆ, ನನ್ನ ಚಪ್ಪಲಿ, ನನ್ನ ಜ್ವರದ ಮಾತ್ರೆ ಎಲ್ಲವನ್ನೂ ಕೇಳದೆ ತೆಗೆದುಕೊಳ್ಳುತ್ತಿದ್ದವಳ ಕೈಯಿಂದ ‘ತಮ್ಮ ಪತ್ರ’! ಆದರೂ ಕೊನೆಯ ಆ ಒಂದು ಗೆರೆಗಾಗಿ ಕಾಗದವನ್ನು ಮತ್ತೆ ಮತ್ತೆ ಓದಿದೆ.

ಇಲ್ಲಿ ಹತ್ತಿರದಲ್ಲೇ ಒಂದು ಜಿಮ್ ಸೇರಿದ್ದೇನೆ. ಕನ್ನಡಿಗಳು ಎಷ್ಟೊಂದು ಎಂದರೆ ನನ್ನನ್ನು ನಾನೇ ನಾಲ್ಕು ಕಡೆಯಿಂದ ಬೈದುಕೊಳ್ಳಬಹುದು. ನಾನು ಹೋದ ಮೊದಲ ದಿನವೇ ಅಲ್ಲಿಯ ಟ್ರೇನರು ಬಕೆಟ್ಟಿನಷ್ಟು ದೊಡ್ಡ ಪ್ರೋಟೀನ್ ಪುಡಿಯ ಡಬ್ಬ ತಂದು ಮುಂದಿಟ್ಟ.

“ಮೇಡಂ, ಕಿಲೋಗೆ ಮೂರು ಗ್ರಾಂ ಇಲ್ಲಾಂದ್ರೆ ಮಸಲ್ಸ್ ಬರಲ್ಲ.”

“ನಂಗೆ ಮಸಲ್ಸ್ ಬೇಡಪ್ಪ, ಬಿದ್ರೆ ಮೂಳೆ ಮುರೀದಿದ್ರೆ ಸಾಕು.”

“ಅದಕ್ಕೂ ಇದೇ ಡಬ್ಬ ಮೇಡಂ.”

ಕೂದಲುದುರುವುದಕ್ಕೂ ಇದೇನಾ ಎಂದು ಕೇಳಬೇಕೆನಿಸಿತು. ಹೌದು ಅಂದುಬಿಟ್ಟಾನೆಂದು ಸುಮ್ಮನಾದೆ. ನಿನ್ನ ಲೆಕ್ಕ ಹೇಳಿದೆ. “ಯಾರು ಹೇಳಿದ್ದು?” ಅಂದ. “ನನ್ನ ಗೆಳತಿ” ಅಂದೆ. ಆ ಪದವನ್ನು ಎಷ್ಟೋ ವರ್ಷಗಳ ಮೇಲೆ ನಿನ್ನನ್ನು ಕುರಿತು ಬಾಯಿಬಿಟ್ಟು ಹೇಳಿದೆ. ಡಬ್ಬ ಹಾಗೇ ಒಳಗೆ ಹೋಯಿತು.

ನನ್ನ ಎದುರುಮನೆಯಲ್ಲಿ ಹೊಲಿಗೆಯಕ್ಕ ಇದ್ದಾರೆ. ಸೊಸೆ, ಮೊಮ್ಮಕ್ಕಳು ಎಲ್ಲರ ಬಟ್ಟೆಗೂ, ಈ ಕಟ್ಟಡದ ಎಲ್ಲರ ಸುದ್ದಿಗೂ ಅವರೇ ಹೊಲಿಗೆ ಹಾಕುವುದು. ಕೆಳಗಿನ ಕೋಣೆಯಲ್ಲಿ ಅಂಗಡಿ ಇಡಬೇಕೆಂದು ಅವರ ಆಸೆ. ಆದರೆ ಕಬ್ಬಿಣದ ಕಾಲಿನ ಹಳೆಯ ಮೆಷಿನ್ನು ಈ ಕಡಿದಾದ ಮೆಟ್ಟಿಲಿಳಿಯಬೇಕಲ್ಲ? ಬಂದ ಗಂಡಸರೆಲ್ಲ ಒಮ್ಮೆ ಅಲ್ಲಾಡಿಸಿ ನೋಡುತ್ತಾರೆ, ಸೊಂಟದ ಮೇಲೆ ಕೈಯಿಟ್ಟುಕೊಳ್ಳುತ್ತಾರೆ, “ನಾಳೆ ಬರ್ತೀವಕ್ಕ” ಎಂದು ಹೋಗುತ್ತಾರೆ. ಮೆಷಿನ್ನು ನಮ್ಮಿಬ್ಬರ ಬಾಗಿಲ ನಡುವೆ ನಿಂತಿದೆ. ದಿನಾ ಅದನ್ನು ಬಳಸಿಕೊಂಡು ಹೋಗುವಾಗ ನೀನಿದ್ದಿದ್ದರೆ ಎಂದುಕೊಳ್ಳುತ್ತೇನೆ.

ಒಂದು ಕೇಳಲೇ? ನಿನ್ನ ಕಾಗದ ಓದಿದ ಮೇಲೆ ಸುಮ್ಮನಿರಲಾಗುತ್ತಿಲ್ಲ. ನೀನು ದೊಡ್ಡ ಕ್ಯಾಂಪಿಗೆ ಆಯ್ಕೆಯಾಗಿ ಹೋದ ಮೇಲೆ ಒಂದು ಸಂಜೆ ಹಾಸ್ಟೆಲಿನ ಪಡಸಾಲೆಯ ಫೋನಿಗೆ ನಿನ್ನ ಕರೆ ಬಂತು. ಸಾಲಿನಲ್ಲಿ ನಿಂತವರನ್ನೆಲ್ಲ ತಳ್ಳಿ ಓಡಿಬಂದೆ. ಕರಕರ ಸದ್ದಿನ ನಡುವೆ ನೀನು ನಗುತ್ತ ಕಿರುಚಿದೆ: “ಹುಳಾ, ಆ ಎರಡನೇ ಮೊಟ್ಟೆ ಬೇಕಾಗೇ ಇರ್ಲಿಲ್ವಂತೆ ಕಣೇ! ಎಲ್ಲಾ ದಂಡ!” ನಿನ್ನ ಹಿಂದೆ ಇನ್ನೂ ಯಾರೋ ನಗುತ್ತಿದ್ದರು. ನಾನು ರಿಸೀವರ್ ಇಟ್ಟುಬಿಟ್ಟೆ. ಆಮೇಲೆ ನೀನೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಈಗ ಕರಡು ತಿದ್ದುವವಳಂತೆ ಕೇಳುತ್ತಿದ್ದೇನೆ, ಕೋಪವಿಲ್ಲ. ಅದು ನಿಜವಾಗಿಯೂ ದಂಡವಾಗಿತ್ತೆ?

ನಿನ್ನ
ಹುಳ


ಏಪ್ರಿಲ್ 9

ಬಂಡೆ,

ನಿನ್ನ ಉತ್ತರವಿಲ್ಲ. ಕೇಳಬಾರದ್ದನ್ನು ಕೇಳಿದೆನೇನೋ. ಅಂಚೆಯವನು ಮೆಟ್ಟಿಲ ಕೆಳಗೆ ಸೈಕಲ್ ನಿಲ್ಲಿಸುವ ಸದ್ದಿಗೆ ಕರಡಿನ ಮೇಲಿಂದ ಕಣ್ಣೆತ್ತುವುದು ರೂಢಿಯಾಗಿಬಿಟ್ಟಿದೆ. ಅವನು ತರುವುದು ವಿದ್ಯುತ್ ಬಿಲ್ಲು, ಇಲ್ಲವೆ ಹೊಲಿಗೆಯಕ್ಕನ ತಮ್ಮನ ಕಾಗದ.

ನನ್ನ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪ್ರೋಟೀನ್ ಲೆಕ್ಕ ಹೇಳಿದ್ದಕ್ಕೆ ಉಪಕಾರ. ‘ಮಾನ್ಯರೇ’ ಎಂದಾದರೂ ಸರಿ, ಒಂದು ಗೆರೆ ಬರಿ. ನೀನು ಇನ್ನೊಮ್ಮೆ ಇಲ್ಲವಾಗುವುದು ನನಗೆ ಬೇಡ.

ಹುಳ


ಏಪ್ರಿಲ್ 28

ಹುಳಾ,

ನಿನ್ನ ಎರಡೂ ಕಾಗದ ಬಂದ್ವು. ನೀನು ಬರೆಯೋಳು, ನಾನು ಎತ್ತೋಳು. ನಂಗೆ ಈ ಪೆನ್ನು ಬಾರಿಗಿಂತ ಭಾರ. ನಾಲ್ಕು ಸಲ ಬರೆದು ಹರಿದೆ. ಇದನ್ನ ಹರಿಯೋಕೆ ಮುಂಚೆ ಲಕೋಟೆಗೆ ಹಾಕ್ತೀನಿ.

ಇಷ್ಟು ವರ್ಷ ಮಾತಿಲ್ಲ ಕತೆಯಿಲ್ಲ, ಬಂದೋಳು ಪ್ರೋಟೀನ್ ಎಷ್ಟು ಅಂತ ಕೇಳ್ತೀಯಲ್ಲ, ಅದಕ್ಕೇ ‘ಮಾನ್ಯರೇ’ ಅಂದೆ. ಚುಚ್ಚಲಿ ಅಂತಲೇ ಅಂದೆ. ಚುಚ್ಚಿತಲ್ಲ, ಸರಿ.

ಆವತ್ತು ಏನಾಯ್ತು ಕೇಳು. ಕ್ಯಾಂಪಲ್ಲಿ ಊಟದ ವಿಷಯ ನೋಡ್ಕೊಳೋ ಮೇಡಂ ಒಬ್ಬರಿದ್ರು. ಹಾಸ್ಟೆಲಲ್ಲಿ ಏನೇನು ತಿಂತಿದ್ದೆ ಹೇಳು ಅಂದ್ರು. ಹಾಲು, ಬೇಳೆ, ಕಾಳು, ರಾತ್ರಿ ಮೀನು, ಬೆಳಿಗ್ಗೆ ನನ್ನ ಮೊಟ್ಟೆ, ಅದರ ಜೊತೆ ನನ್ನ ಗೆಳತಿ ಮೊಟ್ಟೆ ಅಂದೆ. ಅವರು ಲೆಕ್ಕ ಹಾಕಿ, “ಮಿಕ್ಕಿದ್ದೇ ಸಾಕಿತ್ತಲ್ಲಮ್ಮ, ಪಾಪ ಆ ಹುಡುಗಿ ಮೊಟ್ಟೆ ಯಾಕೆ ಕಿತ್ಕೊಂಡೆ?” ಅಂದ್ರು. ಎಲ್ಲರೂ ನಕ್ಕರು. ನಂಗೆ ಹಿಗ್ಗೋ ಹಿಗ್ಗು! ಇನ್ಮೇಲೆ ಹುಳ ಅರೆಹೊಟ್ಟೇಲಿ ಕ್ಲಾಸಿಗೆ ಹೋಗಬೇಕಾಗಿಲ್ಲ, ನಾನು ವಾಪಸ್ ಬಂದ್ಮೇಲೆ ಅವಳ ಮೊಟ್ಟೆ ಅವಳೇ ತಿನ್ನಬಹುದು ಅಂತ. ಅದನ್ನ ಹೇಳೋಕೇ ಫೋನಿಗೆ ಓಡಿದ್ದು. ಹೇಳಿದ್ದು ಮಾತ್ರ ಬರೀ ಬಾಲ. ತಲೆ ಹೇಳೋಷ್ಟರಲ್ಲಿ ನೀನು ಫೋನ್ ಕುಕ್ಕಿದೆ. ಮರುದಿನ ಮಾಡೋಣ ಅಂದ್ಕೊಂಡೆ. ನಂಗೂ ಸಿಟ್ಟು ಬಂತು. ಮೊಟ್ಟೆ ಕೊಟ್ಟಿದ್ದಕ್ಕೆ ಜನ್ಮ ಪೂರ್ತಿ ಕೈಮುಗಿದು ನಿಂತಿರಬೇಕಾ ಅಂತ ಬಂತು. ಸಿಟ್ಟು ಇಳಿಯೋಷ್ಟರಲ್ಲಿ ನಾಚಿಕೆ ಬಂತು. ಆಮೇಲೆ ನಿನ್ನ ವಿಳಾಸವೇ ಬದಲಾಗಿತ್ತು.

ಹೌದು, ಲೆಕ್ಕದ ಪ್ರಕಾರ ಅದು ಬೇಕಿರಲಿಲ್ಲ. ಒಂದು ಮೊಟ್ಟೇಲಿ ಆರು ಗ್ರಾಂ. ನನ್ನ ಹುಡುಗೀರಿಗೂ ಇದನ್ನೇ ಹೇಳ್ತೀನಿ, ನಿಂಗೊಂದು ಸುಳ್ಳು ಯಾಕೆ ಹೇಳಲಿ?

ಆದ್ರೆ ಇನ್ನೊಂದು ವಿಷಯ ಇದೆ, ನಗಬೇಡ. ನಂಗೆ ಬೇಯಿಸಿದ ಮೊಟ್ಟೆ ಆಗೋದೇ ಇಲ್ಲ. ಆ ವಾಸನೆಗೆ ಹೊಟ್ಟೆ ತೊಳಸುತ್ತೆ. ಮೊದಲನೇದನ್ನ ಉಸಿರು ಬಿಗಿಹಿಡಿದು ನುಂಗ್ತಿದ್ದೆ. ಎರಡನೇದು ಯಾಕೆ ತಿಂತಿದ್ದೆ ಗೊತ್ತಾ? ನನ್ನ ತಟ್ಟೆ ಖಾಲಿ ಆಗಿದ್ದೇ ತಡ ನೀನು ಲೈಬ್ರರಿಗೆ ಓಡ್ತಿದ್ದೆ. ನಾನು ತಿಂತಾ ಇರೋ ತನಕ ನೀನು ಎದುರಿಗೆ ಕೂತಿರ್ತಿದ್ದೆ. ಹಿಂದಿನ ರಾತ್ರಿ ಓದಿದ ಕವಿತೆ ಹೇಳ್ತಿದ್ದೆ. ಅರ್ಧ ಅರ್ಥ ಆಗ್ತಿರಲಿಲ್ಲ, ಆದ್ರೂ ಕೇಳಬೇಕು ಅನ್ನಿಸ್ತಿತ್ತು. ಅದಕ್ಕೇ ಅಷ್ಟು ನಿಧಾನ. ರುಚಿ ಅಂತೆ ರುಚಿ!

ಕ್ಯಾಂಪಲ್ಲಿ ಭಾರ ಎತ್ತುವಾಗ ಹಿಂದೆ ನಿಂತೋಳು ‘ಫೋರ್, ಫೈವ್’ ಅಂತಿದ್ಲು. ಐದನೇದಕ್ಕೆ ಕೂತರೆ ಏಳೋಕೆ ಮನಸ್ಸೇ ಬರ್ತಿರಲಿಲ್ಲ. ಈಗ ನನ್ನ ಹುಡುಗೀರಿಗೆಲ್ಲ ನಿನ್ನ ಪದ್ಯವೇ. ಅದು ಸಿಲಬಸ್ಸಲ್ಲೇ ಇದೆ ಅಂದ್ಕೊಂಡಿದ್ದಾರೆ.

ಐದನೇ ಸಾಲು ನೆನಪಿದೆ. ಬರೆದು ಕಳಿಸಲ್ಲ. ಅದು ಕಾಗದದ್ದಲ್ಲ, ಹಿಂದೆ ನಿಂತು ಹೇಳೋದು.

ಬಂಡೆ


ಮೇ 17

ನನ್ನ ಬಂಡೆ,

ನಿನ್ನ ಕಾಗದವನ್ನು ಮುದ್ರಣಾಲಯದಲ್ಲಿ ಒಡೆದೆ. ತಪ್ಪು. ಮನೆಯಲ್ಲಿ ಒಡೆಯಬೇಕಿತ್ತು. ನಡುವಯಸ್ಸು ದಾಟುತ್ತಿರುವ ಹೆಂಗಸೊಬ್ಬಳು ಒಂದೇ ಪುಟ ಹಿಡಿದು ನಗುವುದನ್ನೂ ಮೂಗೊರೆಸಿಕೊಳ್ಳುವುದನ್ನೂ ನೋಡಿ, ಪಕ್ಕದ ಮೇಜಿನವರು “ಅಷ್ಟೊಂದು ತಪ್ಪಿದೆಯಾ ಅದರಲ್ಲಿ?” ಅಂದರು.

ನಾನೇಕೆ ಫೋನ್ ಇಟ್ಟೆ ಎಂದು ನೀನು ಕೇಳಲಿಲ್ಲ. ಕೇಳದೆಯೇ ಹೇಳುತ್ತೇನೆ. ಆ ವರ್ಷ ಆಯ್ಕೆಯಾದದ್ದು ನೀನು ಮಾತ್ರ. ಅದು ಸರಿಯಾಗಿಯೇ ಇತ್ತು. ನನ್ನ ತೋಳಿನ ಯೋಗ್ಯತೆ ನನಗೆ ಗೊತ್ತಿತ್ತು. ಆದರೆ ನೀನು ಎತ್ತುವ ಪ್ರತಿಯೊಂದು ಭಾರದಲ್ಲೂ ನನ್ನದೊಂದು ಆರು ಗ್ರಾಂ ಇದೆ ಎಂದುಕೊಂಡಿದ್ದೆ. (ಆಗ ಗ್ರಾಂ ಗೊತ್ತಿರಲಿಲ್ಲ. ಮೊಟ್ಟೆ ಎಂದೇ ಅಂದುಕೊಂಡಿದ್ದೆ.) ಬೆಳಗಿನ ತರಗತಿಯಲ್ಲಿ ಹೊಟ್ಟೆ ಗೊರ್ ಎನ್ನುವಾಗಲೂ ಒಂದು ಸುಖವಿತ್ತು. ನೀನು ನಗುತ್ತ ‘ದಂಡ’ ಎಂದಾಗ ನಿನ್ನ ಬದುಕಿನಲ್ಲಿ ನನಗಿದ್ದ ಪಾಲನ್ನು ಯಾರೋ ತಿರುಗಿ ಕೈಗಿಟ್ಟಂತಾಯಿತು.

ನನ್ನ ಪಾಲು ಬೇರೆ ಕಡೆ ಇತ್ತೆಂದು, ಅದನ್ನು ನೀನು ಮೂಗು ಮುಚ್ಚಿಕೊಂಡು ನುಂಗಿ ಉಳಿಸಿಕೊಳ್ಳುತ್ತಿದ್ದೆ ಎಂದು, ನನಗೆ ಹೇಗೆ ಗೊತ್ತಾಗಬೇಕು ಹೇಳು?

ಈಗಿನ ಸುದ್ದಿ. ನನ್ನ ತೂಕಕ್ಕೆ ನಿನ್ನ ಲೆಕ್ಕದಂತೆ ದಿನಕ್ಕೆ ಎಂಬತ್ತು ಗ್ರಾಂ ಬಂತು. ಹಾಲು, ಮೊಸರು, ಕಾಳು, ಮೀನು ಎಲ್ಲ ಸೇರಿಸಿದರೆ ಅದರ ಹತ್ತಿರ ಹೋಗುತ್ತೇನೆ. ಒಬ್ಬಳಿಗಾಗಿ ಅಡುಗೆ ಮಾಡಿಕೊಳ್ಳುವವಳಿಗೆ ಇದು ಸಣ್ಣ ಸಾಧನೆಯಲ್ಲ. ಮೊದಲು ಬ್ರೆಡ್ಡಿಗೆ ಜಾಮು ಸವರಿಕೊಂಡು ಕವಿತೆ ಓದುತ್ತ ರಾತ್ರಿಯ ಊಟ ಮುಗಿಸುತ್ತಿದ್ದೆ. ಮಣಿಕಟ್ಟು ಕೂಡಿದೆ. ಖಾಲಿ ಬಾರ್ ಹೆಗಲ ಮೇಲಿಟ್ಟುಕೊಂಡು ನಾಲ್ಕು ಸಲ ಕೂತು ಏಳುತ್ತೇನೆ. ‘ಕೂರು ಕೂರು ಕಬ್ಬಿಣವೇ, ಹೆಗಲೇನು ಹೊಸದಲ್ಲ.’ ‘ಮಂಡಿಯೇ ನೀ ಹೊರಗೆ ನೋಡು, ಒಳಗೇನು ಕೆಲಸವಿಲ್ಲ.’ ಆಮೇಲೆ ಬೆನ್ನು. ಆಮೇಲೆ ‘ಎದೆಯೇ ನೀ ಮೊದಲು ಏಳು, ಮಿಕ್ಕವರು ಬರುತ್ತಾರೆ.’ ಅಲ್ಲಿಗೆ ನಿಲ್ಲಿಸುತ್ತೇನೆ. ಐದನೆಯದಕ್ಕೆ ಕೂತರೆ ಏಳುತ್ತೇನೆಂಬ ಧೈರ್ಯವಿಲ್ಲ.

ನಿನಗೆ ನೆನಪಿದೆಯೆ? ನನ್ನ ಸರದಿ ಬಂದಾಗ ನೀನು ಆಕಳಿಸುತ್ತ ಬರೀ ಒಂದು ಎರಡು ಎಣಿಸುತ್ತಿದ್ದೆ. ಆ ಪದ್ಯವನ್ನು ನನಗಾಗಿ ಯಾರೂ ಹೇಳಿದ್ದೇ ಇಲ್ಲ. ಕೊನೆಯ ಸಾಲು ಮರೆತದ್ದು ಅದಕ್ಕೇ ಇರಬೇಕು.

ಹೊಲಿಗೆಯಕ್ಕನ ಮೆಷಿನ್ನು ಇನ್ನೂ ಇಲ್ಲೇ ಇದೆ. ನಮ್ಮ ಮೆಟ್ಟಿಲು ತುಂಬ ಕಡಿದು. ಯಾರಾದರೂ ಹೊಸಬರು ಬಂದರೆ ಎಡಗಡೆಯ ಗೋಡೆ ಹಿಡಿದು ಹತ್ತಬೇಕು. ಎರಡನೆಯ ಮಹಡಿ, ಹಸಿರು ಬಾಗಿಲು. ಸುಮ್ಮನೆ ಬರೆದೆ.

ನಿನ್ನ
ಹುಳ


ಜೂನ್ 8

ಹುಳಾ,

ಮೆಟ್ಟಿಲಿನ ವಿಷಯ ಯಾಕೆ ಬರೆದೆ ಅಂತ ಗೊತ್ತಾಗದಷ್ಟು ಪೆದ್ದಿ ಅಲ್ಲ ನಾನು.

ಬರಲ್ಲ. ಬರೋಕೆ ಭಯ. ನಿನ್ನ ತಲೇಲಿರೋ ಬಂಡೆ ಈಗಿಲ್ಲ. ಮಂಡಿ ಎರಡೂ ಹಳೇ ಬಾಗಿಲಿನ ಹಾಗೆ ಕಿರ್ ಅಂತವೆ. ತಲೆ ಪೂರ್ತಿ ಬೆಳ್ಳಗಾಗಿದೆ, ಮುಂದಿನ ಹಲ್ಲು ಒಂದು ಕಟ್ಟಿಸಿದ್ದು. ಫೋಟೋದಲ್ಲಿ ಕೈಕಟ್ಟಿ ನಿಂತಿದ್ದು ಹೊಟ್ಟೆ ಮುಚ್ಚೋಕೆ. ನೀನು ಕಾಗದದಲ್ಲಿ ಇಷ್ಟು ಚೆನ್ನಾಗಿ ನೆನಪಿಸ್ಕೋತೀಯ, ನಾನು ಬಂದು ಅದನ್ನ ಯಾಕೆ ಹಾಳು ಮಾಡಲಿ?

ಖಾಲಿ ಬಾರಲ್ಲಿ ನಾಲ್ಕೇ ಸಲ ಅಂದ್ರೆ ನಾಚಿಕೆ ಆಗಬೇಕು. ಎಂಬತ್ತು ಗ್ರಾಂ ತಿಂದು ಏನು ಮಾಡ್ತಿದ್ದೀಯ, ಕರಡು ತಿದ್ದೋಕಾ? ಹಿಮ್ಮಡಿ ನೆಲ ಬಿಡ್ತಿರಬೇಕು, ನೋಡದೇ ಹೇಳಬಲ್ಲೆ. ಹಳೇ ಚಟ ನಿಂದು.

ಬಂಡೆ


ಜೂನ್ 29

ಬಂಡೆ,

ಇದನ್ನು ಅಂಚೆಗೆ ಹಾಕುವುದಿಲ್ಲ, ಕೆಳಗೆ ಸಹಿಯನ್ನೂ ಮಾಡುವುದಿಲ್ಲ. ಒಲೆಯ ಪಕ್ಕ ನಿಂತು ಬರೆಯುತ್ತಿದ್ದೇನೆ. ನೀನು ಒಳಗೆ ಕಾಲಿಟ್ಟ ಕೂಡಲೇ ಕೈಗೆ ಕೊಡುತ್ತೇನೆ, ಏಕೆಂದರೆ ನಿನ್ನ ಮುಖ ನೋಡಿದರೆ ನನಗೆ ಮಾತು ಹೊರಡುವುದಿಲ್ಲ. ಬೆಳ್ಳಗಿನ ತಲೆಗಾಗಲಿ ಕಟ್ಟಿಸಿದ ಹಲ್ಲಿಗಾಗಲಿ ನನ್ನ ನೆನಪುಗಳಲ್ಲಿ ಬೇಕಾದಷ್ಟು ಜಾಗವಿದೆ. ಕರಡು ತಿದ್ದುವ ನಾವು ಕೊನೆಯ ಗಳಿಗೆಯವರೆಗೂ ತಿದ್ದುತ್ತೇವೆ.

ಮಧ್ಯಾಹ್ನ ಕೆಲಸದಿಂದ ಬಂದೆ. ಮೆಟ್ಟಿಲು ಹತ್ತಿ ರೂಢಿಯಂತೆ ಮೈ ಓರೆ ಮಾಡಿದರೆ, ಬಳಸಿಕೊಂಡು ಹೋಗಲು ಅಲ್ಲಿ ಏನೂ ಇರಲಿಲ್ಲ. ಮೆಷಿನ್ನು ನಿಂತಿದ್ದ ಕಡೆ ನೆಲದ ಮೇಲೆ ನಾಲ್ಕು ತುಕ್ಕಿನ ಗುರುತು, ನಡುವೆ ಉದುರಿಬಿದ್ದ ಒಂದು ಅಂಗಿಯ ಗುಂಡಿ. ನನ್ನ ಬಾಗಿಲಿಗೆ ಒರಗಿಸಿಟ್ಟ ಒಂದು ಕ್ಯಾನ್ವಾಸ್ ಚೀಲ. ಅದರ ಹಿಡಿಯ ಮೇಲೆ ಬಿಳಿ ಪುಡಿಯ ಬೆರಳಚ್ಚು.

ಹೊಲಿಗೆಯಕ್ಕ ಅಳತೆಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಹೊರಗೆ ಬಂದರು. ಅವರ ಮುಖ ಹೊಸ ಅಂಗಡಿಯ ಹಾಗೆ ಹೊಳೆಯುತ್ತಿತ್ತು.

“ಬಂದ್ರಾ? ಎಲ್ಲಿ ಸಿಕ್ಕಿದ್ರಮ್ಮ ನಿಮಗೆ ಈ ಹೆಂಗಸು? ಬಂದ್ರು, ನಿಮ್ಮ ಬಾಗಿಲು ನೋಡಿದ್ರು, ಬೀಗ. ನನ್ನ ಮೆಷಿನ್ ನೋಡಿದ್ರು. ‘ಇದೇನಾ ಅದು?’ ಅಂದ್ರು. ನಮ್ಮ ಅಳಿಯನ್ನ ಕರೆದು ಮೇಲುಗಡೆ ಹಿಡಿ ಅಂತ ಹೇಳಿ, ತಾವು ಕೆಳಗಡೆಗೆ ಹೋಗಿ ಹಿಮ್ಮುಖವಾಗಿ ಇಳಿದ್ರು ನೋಡಿ! ಮಂಡಿ ಕಿರ್ ಕಿರ್ ಅಂತಿದೆ, ಕಾಲು ಮಾತ್ರ ಅಲ್ಲಾಡಲ್ಲ. ಅಳಿಯ ಅರ್ಧಕ್ಕೇ ಕೈಸೋತ. ಆಗ ಅವನಿಗೋ ಮೆಷಿನ್ನಿಗೋ ಗೊತ್ತಿಲ್ಲ, ಮಕ್ಕಳಿಗೆ ಹೇಳೋ ಹಾಗೆ ಹಾಡಿಕೊಂಡ್ರು.”

“ಏನಂತ?” ಎಂದೆ.

“ಬೆನ್ನು ಗಿನ್ನು ಅಂತ ಏನೇನೋ ಇತ್ತಮ್ಮ. ಕೊನೇದು ಮಾತ್ರ ಸರಿಯಾಗಿ ಕೇಳಿಸ್ತು. ‘ಇಳಿಯುವಾಗ ಮೆಲ್ಲಗಿಳಿ, ಹಿಡಿಯಲು ನಾನಿರುವೆ’ ಅಂತ. ನನ್ನ ಮೆಷಿನ್ನಿಗೆ ಯಾರೂ ಇಷ್ಟು ಮರ್ಯಾದೆಯಾಗಿ ಮಾತಾಡಿರಲಿಲ್ಲ. ಅಯ್ಯೋ, ಯಾಕೆ ಕಣ್ಣೀರು ಹಾಕ್ತೀರಿ? ಹೋಗಿ, ಪಾತ್ರೇಲಿ ನೀರು ಕಾಯೋಕೆ ಇಡಿ. ಅಂಗಡಿಗೆ ಹೋಗಿದ್ದಾರೆ, ಮೊಟ್ಟೆ ತರೋಕೆ. ನಿಮಗೆ ಎರಡಂತೆ, ಅವರಿಗೆ ಒಂದೇ ಸಾಕಂತೆ. ಆದ್ರೆ ತಿನ್ನೋಕೆ ತುಂಬಾ ಹೊತ್ತಾಗುತ್ತೆ, ಅವಳಿಗೆ ಎಲ್ಲೂ ಹೋಗಬೇಡ ಅಂತ ಹೇಳಿ ಅಂದ್ರು.”